ಸೆರೆಮನೆಯನ್ನು ಬಲ್ಲವರು ಯಾರು?

1910ರ ಜನವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವಾಲ್ಟನ್ ಜೈಲಿಗೆ ಜೇನ್ ವಾರ್ಟನ್ ಎಂಬ ಹೆಸರಿನ ಹೆಂಗಸೊಬ್ಬಳನ್ನು ತಂದು ಹಾಕಿದರು. ಕಸುಬು ಬಟ್ಟೆ ಹೊಲಿಯುವುದು. ಒರಟಾಗಿ ಕತ್ತರಿಸಿಕೊಂಡ ಕೂದಲು, ಅಗ್ಗದ ಕೋಟು, ಮೂಗಿನ ಮೇಲೊಂದು ಕನ್ನಡಕ. ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದವರ ಜೊತೆ ಸೇರಿ ಜೈಲಿನ ಮುಖ್ಯಾಧಿಕಾರಿಯ ಮನೆಯೆದುರು ಪ್ರತಿಭಟನೆ ಮಾಡಿದ್ದಕ್ಕೆ 14 ದಿನಗಳ ಕಠಿಣ ಶಿಕ್ಷೆ ಬಿದ್ದಿತ್ತು. ಜೈಲಿನೊಳಗೆ ಅವಳು ಅನ್ನ ಮುಟ್ಟಲಿಲ್ಲ. ಕೆಲವು ದಿನ ಕಳೆದ ಮೇಲೆ ವೈದ್ಯರು ಬಂದರು. ಎದೆಬಡಿತ ಕೂಡ ನೋಡದೆ ಕೈಕಾಲು ಹಿಡಿಸಿ, ಉಕ್ಕಿನ ಸಲಕರಣೆಯಿಂದ ಬಾಯಿ ಅಗಲಿಸಿ, ಗಂಟಲೊಳಗೆ ಕೊಳವೆ ತೂರಿಸಿ ದ್ರವ ಆಹಾರ ಸುರಿದರು. ಅದೆಲ್ಲ ವಾಂತಿಯಾಯಿತು. ಹೊರಡುವ ಮುನ್ನ ವೈದ್ಯ ಅವಳ ಕೆನ್ನೆಗೆ ಒಂದು ಏಟನ್ನೂ ಕೊಟ್ಟ. ಹೀಗೆ ಬಲವಂತವಾಗಿ ಉಣಿಸುವುದು ಎಂಟು ಸಲ ನಡೆಯಿತು.

ಆ ಹೆಂಗಸಿನ ನಿಜವಾದ ಹೆಸರು ಲೇಡಿ ಕಾನ್‌ಸ್ಟನ್ಸ್ ಲಿಟ್ಟನ್. ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತವನ್ನು ಹಣ್ಣು ಮಾಡಿದ 1876-78ರ ಮಹಾಬರಗಾಲದ ಹೊತ್ತಿನಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ಲಿಟ್ಟನ್ನನ ಮಗಳು. ವಾಲ್ಟನ್ನಿಗೆ ಬರುವ ಮೂರು ತಿಂಗಳ ಮುಂಚೆ, 1909ರ ಅಕ್ಟೋಬರಿನಲ್ಲಿ, ನ್ಯೂಕ್ಯಾಸಲ್‌ನಲ್ಲಿ ಆಕೆ ಸ್ವಂತ ಹೆಸರಿನಲ್ಲೇ ಜೈಲಿಗೆ ಹೋಗಿದ್ದರು. ಅಲ್ಲಿಯೂ ಉಪವಾಸ ಕೂತಿದ್ದರು. ಅಲ್ಲಿನ ವೈದ್ಯರು ಹೃದಯವನ್ನು ಸಾವಧಾನವಾಗಿ ಪರೀಕ್ಷಿಸಿ, ಕಾಯಿಲೆಯಿದೆ ಎಂದು ಬರೆದುಕೊಟ್ಟು, ಗೌರವದಿಂದ ಮನೆಗೆ ಕಳಿಸಿದ್ದರು. ಜೊತೆಗಿದ್ದ ಹಲವು ಹೆಂಗಸರಿಗೆ ಆ ಭಾಗ್ಯ ಸಿಗಲಿಲ್ಲ. ತನ್ನ ಹೃದಯಕ್ಕೆ ಸಿಕ್ಕ ಮರ್ಯಾದೆ ತನ್ನ ಮನೆತನದ್ದೇ ಹೊರತು ಕಾಯಿಲೆಯದಲ್ಲ ಎಂಬ ಅನುಮಾನ ಲಿಟ್ಟನ್ನರಿಗೆ ಬಂತು. ಅದನ್ನು ಪರೀಕ್ಷಿಸಲೆಂದೇ ವೇಷ ಮರೆಸಿಕೊಂಡು ಹೋದರು. ಗುರುತು ಬಯಲಾದ ಕೂಡಲೇ ಬಿಡುಗಡೆ ಆಯಿತು.

ಆ ಪರೀಕ್ಷೆಗೆ ಅವರು ತೆತ್ತ ಬೆಲೆ ದೊಡ್ಡದು. 1912ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ಬರೆಯುವುದನ್ನು ಕಲಿತು, ತಮ್ಮ ಜೈಲಿನ ಅನುಭವದ ಪುಸ್ತಕವನ್ನು 1914ರಲ್ಲಿ ಹೊರತಂದರು. 1923ರಲ್ಲಿ ತೀರಿಕೊಂಡರು.

ಜೈಲು ಕಷ್ಟದ ಜಾಗ ಎಂಬುದು ಅಂದಿನ ಇಂಗ್ಲೆಂಡಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ತಪಾಸಣಾಧಿಕಾರಿಗಳಿದ್ದರು, ಧರ್ಮಗುರುಗಳಿದ್ದರು, ದಾನಿಗಳಿದ್ದರು, ಆಯೋಗಗಳ ವರದಿಗಳೂ ಇದ್ದವು. ಆದರೆ ಒಂದೇ ದೇಹಕ್ಕೆ, ಒಂದೇ ಕಾಯಿಲೆಗೆ, ಎರಡು ಹೆಸರಿನಲ್ಲಿ ಎರಡು ಬಗೆಯ ಉಪಚಾರ ಸಿಗುತ್ತದೆ ಎಂಬುದನ್ನು ಅವುಗಳಲ್ಲಿ ಯಾವುದೂ ಹೇಳಿರಲಿಲ್ಲ. ಹೇಳಲು ಒಳಗಿದ್ದವರೇ ಬೇಕಾಯಿತು. ಅದರಲ್ಲೂ ಬಡ ಕೈದಿಯಾಗಿ ಒಳಗಿದ್ದವರು ಬೇಕಾಯಿತು.

ಸೆರೆಮನೆ ಸುಧಾರಣೆಯಲ್ಲಿ, ಬಿಡುಗಡೆಯಾದವರ ನೆರವಿಗೆ ನಿಂತ ಸೇವಾಸಂಸ್ಥೆಗಳಲ್ಲಿ ಸ್ವತಃ ಅನುಭವಿಸಿದವರಿಗೆ ಜಾಗ ಕೊಡಬೇಕು ಎಂಬ ಮಾತು ಇಂದು ಜಗತ್ತಿನ ಹಲವೆಡೆ ಕೇಳುತ್ತಿದೆ. ಬ್ರಿಟನ್ನಿನ ಅನೇಕ ಸಂಸ್ಥೆಗಳು ಉದ್ಯೋಗದ ಜಾಹೀರಾತಿನಲ್ಲೇ ಅದನ್ನು ಅರ್ಹತೆಯೆಂದು ನಮೂದಿಸುತ್ತವೆ. ಒಪ್ಪಬೇಕಾದ ಮಾತೇ. ಆದರೆ ಯಾರ ಅನುಭವ, ಮತ್ತು ಅದಕ್ಕೆ ಎಷ್ಟು ಅಧಿಕಾರ ಎಂಬ ಎರಡು ಪ್ರಶ್ನೆಗಳನ್ನು ಜೊತೆಯಲ್ಲೇ ಕೇಳದಿದ್ದರೆ ಆ ಜಾಗ ವೇದಿಕೆಯ ಮೇಲಿನ ಒಂದು ಕುರ್ಚಿಯಾಗಿ ಉಳಿದುಬಿಡುತ್ತದೆ.

*

ಲಿಟ್ಟನ್ನರ ಪ್ರಯೋಗ ನಡೆದ ಮೂರು ವರ್ಷಕ್ಕೆ ಅಮೆರಿಕದಲ್ಲಿ ಅಂಥದ್ದೇ ಇನ್ನೊಂದು ನಡೆಯಿತು. ಥಾಮಸ್ ಮಾಟ್ ಆಸ್ಬರ್ನ್ ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದ ಶ್ರೀಮಂತ ಉದ್ಯಮಿ, ಅಲ್ಲಿನ ಮಾಜಿ ಮೇಯರ್. 1913ರಲ್ಲಿ ರಾಜ್ಯದ ಸೆರೆಮನೆ ಸುಧಾರಣಾ ಆಯೋಗದ ಅಧ್ಯಕ್ಷರಾದರು. ಅವರೂರಿನ ಜೈಲು ಮೌನಕ್ಕೆ ಹೆಸರಾಗಿತ್ತು; ಕೈದಿಗಳು ಒಟ್ಟಿಗೆ ದುಡಿಯಬೇಕು, ಆದರೆ ಪರಸ್ಪರ ಮಾತಾಡಕೂಡದು ಎಂಬ ಕಟ್ಟಳೆ ಅಲ್ಲಿ ಸುಮಾರು ನೂರು ವರ್ಷ ಹಳೆಯದು. ಆಸ್ಬರ್ನ್ ಕೈದಿಗಳ ಸಭೆ ಕರೆದು ವಿಷಯ ಮುಂಚಿತವಾಗಿ ತಿಳಿಸಿ, ‘ಟಾಮ್ ಬ್ರೌನ್’ ಎಂಬ ಹೆಸರಿನಲ್ಲಿ ಸೆಪ್ಟೆಂಬರ್ ಕೊನೆಯಲ್ಲಿ ಒಳಹೊಕ್ಕರು. ಸುಮಾರು ಒಂದು ವಾರ ಕೈದಿಯ ಉಡುಪಿನಲ್ಲಿ, ಕೈದಿಯ ಊಟ ಉಂಡು, ಬುಟ್ಟಿ ಹೆಣೆಯುವ ವಿಭಾಗದಲ್ಲಿ ಕೆಲಸ ಮಾಡಿದರು. ಬೇಕೆಂದೇ ನಿಯಮ ಮುರಿದು ಶಿಕ್ಷಾ ಕೋಣೆಯಲ್ಲೂ ಒಂದು ರಾತ್ರಿ ಕಳೆದರು. ಕಬ್ಬಿಣದ ಗೋಡೆಗಳ ಆ ಕತ್ತಲೆ ಕೋಣೆಯಲ್ಲಿ ಇಡೀ ದಿನಕ್ಕೆ ಕೊಡುತ್ತಿದ್ದದ್ದು ಅರ್ಧ ಲೀಟರಿಗೂ ಕಡಿಮೆ ನೀರು.

ಪತ್ರಿಕೆಗಳು ಲೇವಡಿ ಮಾಡಿದವು. ವಾರ ಕಳೆದರೆ ಬಾಗಿಲು ತೆರೆಯುತ್ತದೆ ಎಂದು ಗೊತ್ತಿರುವವನು ಕೈದಿಯ ಮನಸ್ಸನ್ನು ಹೇಗೆ ಅರಿಯುತ್ತಾನೆ ಎಂಬ ಆಕ್ಷೇಪ ತೂಕದ್ದೇ. ಆಸ್ಬರ್ನ್ ಮಾಡಿದ ಅತಿ ಮುಖ್ಯ ಕೆಲಸ ಬೇರೆ. ಬುಟ್ಟಿ ಹೆಣೆಯುವಾಗ ಪಕ್ಕದಲ್ಲಿ ಕೂರುತ್ತಿದ್ದ ಜ್ಯಾಕ್ ಮರ್ಫಿ ಎಂಬ ಕೈದಿಯ ಜೊತೆ ಅವರು ಮಾತಾಡಿದರು, ಮರ್ಫಿ ಹೇಳಿದ್ದನ್ನು ಗಂಭೀರವಾಗಿ ತೆಗೆದುಕೊಂಡರು. ಭಾನುವಾರ ಪ್ರಾರ್ಥನೆಯ ಹೊತ್ತು ಬಿಟ್ಟರೆ ಇಡೀ ದಿನ ಕೈದಿಗಳನ್ನು ಕೋಣೆಯಲ್ಲೇ ಕೂಡಿಹಾಕುತ್ತಿದ್ದರು. ಅದನ್ನು ಬದಲಿಸುವ ಬಗೆ ಹೇಗೆ, ಹೊರಗೆ ಬಿಟ್ಟರೆ ಶಿಸ್ತಿನ ಹೊಣೆ ಯಾರದು ಎಂಬ ಚರ್ಚೆ ಬಂದಾಗ, ಕೈದಿಗಳೇ ಒಂದು ಸಂಘ ಕಟ್ಟಿಕೊಂಡು ಹೊಣೆ ಹೊರಲಿ ಎಂದು ಸೂಚಿಸಿದ್ದು ಮರ್ಫಿ. ಅದೇ ವರ್ಷದ ಡಿಸೆಂಬರಿನಲ್ಲಿ ಕೈದಿಗಳು ಮತ ಹಾಕಿ ತಮ್ಮೊಳಗಿಂದ 49 ಜನರನ್ನು ಆರಿಸಿದರು. ಆ ಸಮಿತಿ ನಿಯಮಾವಳಿ ಬರೆಯಿತು. 1914ರ ಫೆಬ್ರವರಿಯಲ್ಲಿ ‘ಪರಸ್ಪರ ಕಲ್ಯಾಣ ಸಂಘ’ ಕೆಲಸ ಆರಂಭಿಸಿತು. ವರ್ಷದ ಕೊನೆಗೆ ಆಸ್ಬರ್ನ್ ಪ್ರಸಿದ್ಧ ಸಿಂಗ್ ಸಿಂಗ್ ಜೈಲಿನ ವಾರ್ಡನ್ ಆಗಿ, ಅಲ್ಲಿಗೂ ಅದೇ ಪದ್ಧತಿಯನ್ನು ಒಯ್ದರು. ವಿರೋಧಿಗಳು ಅವರ ಮೇಲೆ ಮೊಕದ್ದಮೆ ಹೂಡಿಸಿದರು, ಅದು ನಿಲ್ಲಲಿಲ್ಲ.

ಚರಿತ್ರೆಯ ಪುಸ್ತಕಗಳಲ್ಲಿ ಆಸ್ಬರ್ನ್ ಹೆಸರು ದಪ್ಪಕ್ಷರದಲ್ಲಿದೆ. ಸಂಘದ ಆಲೋಚನೆ ಕೊಟ್ಟ ಮರ್ಫಿಗೆ ಅಡಿಟಿಪ್ಪಣಿಯಷ್ಟೇ ಜಾಗ. ಅನುಭವಸ್ಥರ ಅರಿವನ್ನು ಪಡೆದು ಕೀರ್ತಿಯನ್ನು ಬೇರೆಯವರಿಗೆ ಬರೆಯುವ ಈ ರೂಢಿ ಇಂದಿನ ಸೇವಾಸಂಸ್ಥೆಗಳಲ್ಲೂ ಹೋಗಿಲ್ಲ.

*

ಒಳಗಿನವರ ಅರಿವು ಎಷ್ಟು ಸೂಕ್ಷ್ಮವಾದದ್ದು ಎಂಬುದಕ್ಕೆ ಬ್ರಿಟನ್ನಿನ ‘ಲಿಸನರ್’ ಯೋಜನೆಯನ್ನು ನೋಡಬೇಕು. 1990ರಲ್ಲಿ ವೇಲ್ಸ್‌ನ ಸ್ವಾನ್‌ಸೀ ಜೈಲಿನಲ್ಲಿ 15 ವರ್ಷದ ಹುಡುಗನೊಬ್ಬ ಆತ್ಮಹತ್ಯೆ ಮಾಡಿಕೊಂಡ. ಆ ಆಘಾತದಿಂದ ಹುಟ್ಟಿದ್ದು ಈ ಯೋಜನೆ. ನೊಂದವರ ಮಾತಿಗೆ ಕಿವಿಗೊಡಲೆಂದು 1953ರಲ್ಲಿ ಶುರುವಾಗಿದ್ದ ‘ಸಮಾರಿಟನ್ಸ್’ ಸಂಸ್ಥೆಯ ಸ್ವಯಂಸೇವಕರು 1991ರಲ್ಲಿ ಅದೇ ಜೈಲಿನ ಕೈದಿಗಳಿಗೆ ತರಬೇತಿ ಕೊಟ್ಟರು. ಕಂಗೆಟ್ಟ ಕೈದಿಯೊಬ್ಬ ಹಗಲಾಗಲಿ ರಾತ್ರಿಯಾಗಲಿ ಕೇಳಿಕೊಂಡರೆ ತರಬೇತಿ ಪಡೆದ ಇನ್ನೊಬ್ಬ ಕೈದಿ ಬಂದು ಎದುರು ಕೂರುತ್ತಾನೆ. ಬುದ್ಧಿ ಹೇಳುವುದಿಲ್ಲ, ತಪ್ಪು ಎಣಿಸುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಜೈಲುಗಳಲ್ಲಿ ಈ ವ್ಯವಸ್ಥೆ ಇದೆ.

ಓದಿ ಪದವಿ ಪಡೆದ ಆಪ್ತಸಲಹೆಗಾರರು ಇದನ್ನು ಮಾಡಲಾರರೇ? ಮಾಡಬಲ್ಲರು, ಆದರೆ ಅವರು ಸಂಜೆ ಮನೆಗೆ ಹೋಗುತ್ತಾರೆ. ಹೊಸಬನಿಗೆ ಅತಿ ಅಪಾಯದ ಹೊತ್ತು ಮೊದಲ ರಾತ್ರಿಗಳು. ಬಾಗಿಲಿಗೆ ಬೀಗ ಬಿದ್ದು ಬ್ಯಾರಕ್ ನಿಶ್ಶಬ್ದವಾದ ಮೇಲೆ ಮನೆಯವರ ನೆನಪು, ನಾಚಿಕೆ, ಮುಂದೇನು ಎಂಬ ಭಯ ಒಟ್ಟಿಗೆ ನುಗ್ಗುತ್ತವೆ. ಸಿಬ್ಬಂದಿಯ ಹತ್ತಿರ ಬಾಯಿ ಬಿಟ್ಟರೆ ದಾಖಲೆಗೆ ಹೋಗುತ್ತದೆ, ಕಾವಲು ಬಿಗಿಯಾಗುತ್ತದೆ, ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ ಎಂಬ ಅಂಜಿಕೆ ಬೇರೆ. ಅದೇ ಉಡುಪು ತೊಟ್ಟು, ಅದೇ ಅನ್ನ ಉಂಡು, ಅಂಥದೇ ರಾತ್ರಿ ದಾಟಿ ಬಂದವನು ಎದುರು ಕೂತಾಗ ಆ ಅಂಜಿಕೆ ಅರ್ಧ ಇಳಿಯುತ್ತದೆ.

ಬಿಡುಗಡೆಯ ದಿನದ ಕಷ್ಟವೂ ಇಷ್ಟೇ ಸೂಕ್ಷ್ಮವಾದದ್ದು. ಅದನ್ನು ಅಮೆರಿಕದ ಸೂಸನ್ ಬರ್ಟನ್ ಅವರಷ್ಟು ಚೆನ್ನಾಗಿ ಅರಿತವರು ಅಪರೂಪ. ಲಾಸ್ ಏಂಜಲೀಸ್‌ನ ಈ ಕಪ್ಪು ಮಹಿಳೆಯ ಐದು ವರ್ಷದ ಮಗ ಪೊಲೀಸ್ ಅಧಿಕಾರಿಯೊಬ್ಬರ ವಾಹನಕ್ಕೆ ಸಿಕ್ಕಿ ಸತ್ತ. ದುಃಖ ತಡೆಯಲಾರದೆ ಮಾದಕ ದ್ರವ್ಯಕ್ಕೆ ಬಿದ್ದ ಆಕೆ ಹದಿನೈದಕ್ಕೂ ಹೆಚ್ಚು ವರ್ಷ ಜೈಲಿಗೂ ಬೀದಿಗೂ ಅಲೆದರು. ಕೊನೆಗೆ ಚಿಕಿತ್ಸೆ ಸಿಕ್ಕಿದ್ದು ಸಮುದ್ರ ದಂಡೆಯ ಸಿರಿವಂತ ಸಾಂಟಾ ಮೋನಿಕಾದಲ್ಲಿ. ತಮ್ಮ ಬಡಾವಣೆಯಲ್ಲಿ ಯಾವ ತಪ್ಪಿಗೆ ಜೈಲು ಕಾದಿರುತ್ತದೋ ಅದೇ ತಪ್ಪಿಗೆ ಇಲ್ಲಿ ಆರೈಕೆ ಸಿಗುತ್ತದೆ ಎಂಬುದು ಆಕೆಗೆ ಕಣ್ಣಾರೆ ಕಂಡದ್ದು ಅಲ್ಲಿಯೇ. ಲಿಟ್ಟನ್ ಎರಡು ಹೆಸರು ಹೊತ್ತು ಕಂಡುಕೊಂಡದ್ದನ್ನು ಬರ್ಟನ್ ಎರಡು ಬಡಾವಣೆಗಳಲ್ಲಿ ಕಂಡುಕೊಂಡರು.

1998ರಲ್ಲಿ ಬರ್ಟನ್ ತಮ್ಮ ಬಡಾವಣೆಯಲ್ಲೇ ಒಂದು ಪುಟ್ಟ ಮನೆ ಹಿಡಿದರು. ಜೈಲಿನಿಂದ ಬರುವ ಹೆಂಗಸರು ಇಳಿಯುವ ಬಸ್ ನಿಲ್ದಾಣಕ್ಕೆ ಹೋಗಿ ನಿಂತರು. ಆ ನಿಲ್ದಾಣದ ಸುತ್ತಮುತ್ತ ಮಾದಕ ದ್ರವ್ಯ ಮಾರುವವರು, ತಲೆಹಿಡುಕರು ಹೊಂಚು ಹಾಕಿರುತ್ತಿದ್ದರು. ಇಳಿಯುವವಳ ಕೈಯಲ್ಲಿ ಸರ್ಕಾರ ಕೊಟ್ಟ 200 ಡಾಲರ್, ತಲೆಯ ಮೇಲೆ ಸೂರಿಲ್ಲ. ಬಸ್ಸಿನಿಂದ ಇಳಿದ ಮೊದಲ ಕೆಲವು ನಿಮಿಷಗಳಲ್ಲೇ ಮುಂದಿನ ದಾರಿ ತೀರ್ಮಾನವಾಗುತ್ತದೆ ಎಂಬುದು ಬರ್ಟನ್‌ಗೆ ಗೊತ್ತಿತ್ತು, ಏಕೆಂದರೆ ಅವರೇ ಅಲ್ಲಿ ಹಲವು ಬಾರಿ ಇಳಿದಿದ್ದರು. ‘ಎ ನ್ಯೂ ವೇ ಆಫ್ ಲೈಫ್’ ಎಂಬ ಆ ಸಂಸ್ಥೆ ಒಂದು ಮನೆಯಿಂದ ಹಲವು ಮನೆಗಳಾಗಿ ಬೆಳೆಯಿತು. ಮಕ್ಕಳನ್ನು ಮರಳಿ ಪಡೆಯಲು, ಕೆಲಸ ಹುಡುಕಲು ಬೇಕಾದ ಕಾನೂನು ನೆರವೂ ಅಲ್ಲಿ ಸಿಗುತ್ತದೆ.

ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಗೆ ಮಾಜಿ ಕೈದಿಗಳೇ ಕಟ್ಟಿದ ‘ಅನ್‌ಲಾಕ್’ ಸಂಸ್ಥೆ ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು ಬ್ಯಾಂಕ್ ಖಾತೆ. ಹೊರಬಂದವನಿಗೆ ಕೆಲಸ ಸಿಕ್ಕರೂ ಸಂಬಳ ಜಮಾ ಆಗಲು ಖಾತೆ ಬೇಕು. ಖಾತೆ ತೆರೆಯಲು ಗುರುತಿನ ಚೀಟಿ, ವಿಳಾಸದ ಪುರಾವೆ ಬೇಕು. ನಿನ್ನೆಯವರೆಗೂ ಜೈಲೇ ವಿಳಾಸವಾಗಿದ್ದವನು ವಿದ್ಯುತ್ ಬಿಲ್ ಎಲ್ಲಿಂದ ತರಬೇಕು? ಪುನರ್ವಸತಿಯ ಬಗ್ಗೆ ದೊಡ್ಡ ದೊಡ್ಡ ಯೋಜನೆ ಹಾಕಿದವರ ಕಣ್ಣಿಗೆ ಬೀಳದ ಸಣ್ಣ ತೊಡಕು ಇದು. ಅನುಭವಿಸಿದವರು ಹಿಡಿದರು, ಬ್ಯಾಂಕುಗಳ ಜೊತೆ ಮಾತುಕತೆ ನಡೆಸಿದರು. ವರ್ಷಗಳ ಪ್ರಯತ್ನದ ಮೇಲೆ ಬಿಡುಗಡೆಗೆ ಮುನ್ನವೇ ಜೈಲಿನೊಳಗಿಂದ ಖಾತೆ ತೆರೆಯುವ ವ್ಯವಸ್ಥೆ ಬಂತು.

ಇಷ್ಟೆಲ್ಲ ಆದರೂ ಅಧಿಕಾರದ ಪ್ರಶ್ನೆ ಬಂದಾಗ ಬಾಗಿಲು ಅರ್ಧ ಮುಚ್ಚುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೆಲವು ಬಗೆಯ ಅಪರಾಧಗಳಲ್ಲಿ ಶಿಕ್ಷೆಯಾಗಿ ಅದರ ಕಾನೂನು ಅವಧಿ ಮುಗಿಯದವರು ಸೇವಾಸಂಸ್ಥೆಯ ಧರ್ಮದರ್ಶಿಗಳಾಗುವಂತಿಲ್ಲ. 2018ರ ಆಗಸ್ಟ್‌ನಿಂದ ಆ ನಿರ್ಬಂಧ ಮುಖ್ಯ ಕಾರ್ಯನಿರ್ವಾಹಕ, ಮುಖ್ಯ ಹಣಕಾಸು ಅಧಿಕಾರಿಯ ಹುದ್ದೆಗಳಿಗೂ ವಿಸ್ತರಿಸಿತು. ಸಾರ್ವಜನಿಕರ ಹಣ ಕಾಯುವ ಸದುದ್ದೇಶ ಸರಿಯೇ. ಸೇವಾಸಂಸ್ಥೆಗಳನ್ನು ನಿಯಂತ್ರಿಸುವ ಆಯೋಗಕ್ಕೆ ಅರ್ಜಿ ಹಾಕಿ ವಿನಾಯಿತಿ ಪಡೆಯಲೂ ಅವಕಾಶವಿದೆ. ಆದರೂ ಮಾಜಿ ಕೈದಿಗಳಿಗಾಗಿ ಮಾಜಿ ಕೈದಿಗಳೇ ನಡೆಸುವ ಸಂಸ್ಥೆಗಳಿಗೆ ಇದರ ಪೆಟ್ಟು ನೇರವಾಗಿ ತಾಗುತ್ತದೆ. ಭಾಷಣಕ್ಕೆ ಬೇಕಾದ ವ್ಯಕ್ತಿ, ಚೆಕ್ಕಿಗೆ ಸಹಿ ಹಾಕುವ ಹೊತ್ತಿಗೆ ಬೇಡವಾಗುತ್ತಾನೆ.

*

ಅನುಭವಕ್ಕೆ ಮಿತಿಗಳಿಲ್ಲವೆಂದಲ್ಲ. ಒಬ್ಬರ ಕಥೆ ಎಲ್ಲರ ಕಥೆಯಾಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಬಿಡುಗಡೆಯಾದವರಿಗೆ ಇಂದಿನ ವಿಡಿಯೊ ಕಾನ್ಫರೆನ್ಸ್ ವಿಚಾರಣೆಯ ಗೋಳು ಗೊತ್ತಿರಲಾರದು. ಗಂಡಸಿಗೆ ಹೆಣ್ಣು ಕೈದಿಯ ಹೆರಿಗೆಯ ಕಷ್ಟ ಗೊತ್ತಿರುವುದಿಲ್ಲ. ಅಪರಾಧಕ್ಕೆ ಬಲಿಯಾದವರ ಅನುಭವವೂ ಅನುಭವವೇ, ಅದನ್ನು ಬದಿಗಿಟ್ಟು ನ್ಯಾಯದ ಮಾತಾಡಲಾಗದು. ಅಲ್ಲದೆ, ದೇಣಿಗೆ ಸಂಗ್ರಹದ ಪ್ರತಿ ಸಭೆಯಲ್ಲೂ ಒಬ್ಬರನ್ನು ನಿಲ್ಲಿಸಿ ಅದೇ ಗಾಯವನ್ನು ಮತ್ತೆ ಮತ್ತೆ ಬಿಚ್ಚಿ ತೋರಿಸುವಂತೆ ಕೇಳುವುದು ಕ್ರೌರ್ಯ. ಇದಕ್ಕೆ ಪರಿಹಾರ ಅನುಭವಸ್ಥರನ್ನು ದೂರವಿಡುವುದರಲ್ಲಿಲ್ಲ. ಒಬ್ಬರ ಬದಲು ಹಲವರನ್ನು ಕರೆಯಬೇಕು, ಬೇರೆ ಬೇರೆ ಹಿನ್ನೆಲೆಯವರನ್ನು ಕರೆಯಬೇಕು, ತರಬೇತಿ ಮತ್ತು ಸಂಬಳ ಕೊಡಬೇಕು, ಕಥೆ ಹೇಳದಿರುವ ಸ್ವಾತಂತ್ರ್ಯವನ್ನೂ ಕೊಡಬೇಕು.

ಯಾರ ಅನುಭವ ಎಂಬ ಪ್ರಶ್ನೆ ಎಷ್ಟು ತೀವ್ರವಾದದ್ದು ಎಂಬುದಕ್ಕೆ ಭಾರತದ ಚರಿತ್ರೆಯೇ ದೊಡ್ಡ ಪಾಠ. ಜೈಲನ್ನು ಒಳಗಿನಿಂದ ಕಂಡ ಅಷ್ಟೊಂದು ಜನ ಒಟ್ಟಿಗೆ ಅಧಿಕಾರಕ್ಕೆ ಬಂದ ದೇಶಗಳು ಹೆಚ್ಚಿಲ್ಲ. ಜವಾಹರಲಾಲ್ ನೆಹರೂ ಒಬ್ಬರೇ ಒಟ್ಟು ಒಂಬತ್ತು ವರ್ಷದಷ್ಟು ಕಾಲ ಸೆರೆಯಲ್ಲಿದ್ದವರು. ಸಂಪುಟಗಳಲ್ಲಿ, ಶಾಸನಸಭೆಗಳಲ್ಲಿ ಎತ್ತ ನೋಡಿದರೂ ಮಾಜಿ ಕೈದಿಗಳು. ಹಾಗಿದ್ದೂ ಬ್ರಿಟಿಷರ 1894ರ ಬಂದೀಖಾನೆ ಕಾಯ್ದೆಯ ಚೌಕಟ್ಟು ಹೆಚ್ಚೂಕಡಿಮೆ ಹಾಗೆಯೇ ಉಳಿಯಿತು. ಕರ್ನಾಟಕ 1963ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡರೂ ಅಚ್ಚು ಹಳೆಯದೇ. ಇಡೀ ದೇಶಕ್ಕೆ ಮಾದರಿಯಾಗುವ ಹೊಸ ಕಾಯ್ದೆಯನ್ನು ಕೇಂದ್ರ ಗೃಹ ಸಚಿವಾಲಯ ಸಿದ್ಧಪಡಿಸಿದ್ದು 2023ರಲ್ಲಿ.

ಇದಕ್ಕೆ ಕಾರಣಗಳು ಹಲವಿರಬಹುದು. ಒಂದು ಮಾತ್ರ ಎದ್ದು ಕಾಣುತ್ತದೆ. ರಾಜಕೀಯ ಕೈದಿಗಳನ್ನು ಮನುಷ್ಯರಂತೆ ನಡೆಸಿಕೊಳ್ಳಿ ಎಂದು ಒತ್ತಾಯಿಸಿ ಜತೀಂದ್ರನಾಥ ದಾಸ್ ಲಾಹೋರಿನಲ್ಲಿ 63 ದಿನ ಉಪವಾಸ ಮಾಡಿ 1929ರ ಸೆಪ್ಟೆಂಬರಿನಲ್ಲಿ ಪ್ರಾಣ ಬಿಟ್ಟರು. ಅದರ ಬಿಸಿಗೆ ಬ್ರಿಟಿಷ್ ಸರ್ಕಾರ ಎ, ಬಿ, ಸಿ ಎಂಬ ಮೂರು ದರ್ಜೆಗಳನ್ನು ತಂದಿತು. ದರ್ಜೆ ನಿರ್ಧಾರವಾಗುತ್ತಿದ್ದುದು ಕೈದಿಯ ಸಾಮಾಜಿಕ ಸ್ಥಾನಮಾನ, ವಿದ್ಯೆ, ಜೀವನಕ್ರಮ ನೋಡಿ. ಓದಿದ ನಾಯಕರಿಗೆ ಪುಸ್ತಕ, ಕಾಗದ, ಪ್ರತ್ಯೇಕ ಕೋಣೆ ಸಿಕ್ಕವು. ಸಿ ದರ್ಜೆಯ ರೈತ, ಕೂಲಿ, ಸಣ್ಣ ಕಳ್ಳತನದ ಮೇಲೆ ಬಂದವನಿಗೆ ಹಳೆಯ ಜೈಲೇ ಗತಿ. ಸ್ವಾತಂತ್ರ್ಯ ಬಂದಾಗ ಪುಸ್ತಕ ಬರೆದವರು, ಮಂತ್ರಿಗಳಾದವರು ಬಹುಪಾಲು ಮೊದಲಿನ ಎರಡು ದರ್ಜೆಯವರು. ಮೂರನೆಯ ದರ್ಜೆಯ ಅನುಭವ ವಿಧಾನಸೌಧದ ಮೆಟ್ಟಿಲು ಹತ್ತಲಿಲ್ಲ.

ಆ ಗೆರೆಯನ್ನು ದಾಟಿ ನೋಡಿದವರು ಇರಲಿಲ್ಲವೆಂದಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ಉಳಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಆಕೆಗೆ ತೀವ್ರ ಅಸ್ತಮಾ. ತಮ್ಮ ಉಸಿರಾಟವೇ ಕಷ್ಟವಾಗಿದ್ದ ಆ ತಿಂಗಳುಗಳಲ್ಲಿ ಅವರು ಜೊತೆಯಲ್ಲಿದ್ದ ಸಾಮಾನ್ಯ ಹೆಣ್ಣು ಕೈದಿಗಳ ಮೇಲಿನ ಹೊಡೆತ, ಅವಮಾನಗಳ ವಿರುದ್ಧ ದನಿ ಎತ್ತಿದರು. ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದು ದಿನಕ್ಕೆ ತೀರಿಕೊಂಡರು. ದಿನಚರಿ ಅದೇ ವರ್ಷ ಅಚ್ಚಾಯಿತು. ಆ ಜೈಲು ಇದ್ದ ಜಾಗ ಈಗಿನ ಫ್ರೀಡಂ ಪಾರ್ಕ್.

*

ಭಾರತದ ಸೆರೆಮನೆ ಕಾನೂನನ್ನು ನಿಜವಾಗಿ ಅಲುಗಿಸಿದ್ದು ಕೈದಿಗಳು ಬರೆದ ಕಾಗದಗಳು. ತಿಹಾರ್ ಜೈಲಿನಲ್ಲಿ ಗಲ್ಲುಶಿಕ್ಷೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದರು. ತನ್ನ ಕಷ್ಟ ತೋಡಿಕೊಳ್ಳಲು ಬರೆದದ್ದಲ್ಲ. ಅದೇ ಜೈಲಿನ ಇನ್ನೊಬ್ಬ ಕೈದಿಯನ್ನು ಹೆಡ್ ವಾರ್ಡರ್ ಒಬ್ಬ ಹಣಕ್ಕಾಗಿ ಚಿತ್ರಹಿಂಸೆಗೆ ಗುರಿಪಡಿಸಿದ್ದನ್ನು ತಿಳಿಸಲು ಬರೆದದ್ದು. ಕೋರ್ಟು ಆ ಪತ್ರವನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು ಪರಿಗಣಿಸಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದ್ದ ಪೀಠ 1979ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಬೇಕು, ನ್ಯಾಯಾಧೀಶರು ನಿಯಮಿತವಾಗಿ ಭೇಟಿ ಕೊಟ್ಟು ಕೈದಿಗಳ ಅಹವಾಲು ಕೇಳಬೇಕು ಎಂದು ವಿಧಿಸಿತು.

ಇನ್ನೊಂದು ಕಾಗದ ಹೋದದ್ದು ಬೆಂಗಳೂರಿನಿಂದ. ಇಲ್ಲಿನ ಕೇಂದ್ರ ಕಾರಾಗೃಹದಲ್ಲಿದ್ದ ರಾಮಮೂರ್ತಿ ಎಂಬ ಕೈದಿ 1984ರಲ್ಲಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಗೆ ಬರೆದ. ಮೈಮುರಿದು ದುಡಿದರೂ ಸಲ್ಲಬೇಕಾದ ಕೂಲಿ ಸಿಗುವುದಿಲ್ಲ, ಊಟ ಬಾಯಿಗಿಡುವಂತಿಲ್ಲ, ಹಿಂಸೆ ತಪ್ಪುವುದಿಲ್ಲ ಎಂಬುದು ದೂರು. ಕೋರ್ಟು ಜಿಲ್ಲಾ ನ್ಯಾಯಾಧೀಶರಿಂದ ತನಿಖೆ ಮಾಡಿಸಿತು. ‘ರಾಮಮೂರ್ತಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದ ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಹನ್ನೆರಡು ವರ್ಷ ಹಿಡಿಯಿತು, ಆದರೆ ಬಂದ ತೀರ್ಪು ಒಂದು ಜೈಲಿನ ಅನ್ನ-ಕೂಲಿಗೆ ಸೀಮಿತವಾಗಿರಲಿಲ್ಲ. ಇಡೀ ದೇಶದ ಜೈಲುಗಳನ್ನು ಕಾಡುವ ಒಂಬತ್ತು ಸಮಸ್ಯೆಗಳನ್ನು ಅದು ಗುರುತಿಸಿತು: ಕಿಕ್ಕಿರಿದ ಬ್ಯಾರಕ್, ವಿಚಾರಣೆಯ ವಿಳಂಬ, ಚಿತ್ರಹಿಂಸೆ, ಆರೋಗ್ಯ-ಶುಚಿತ್ವದ ಕಡೆಗಣನೆ, ಸಾಲದ ಊಟ ಬಟ್ಟೆ, ಜೈಲಿನೊಳಗಿನ ದುಶ್ಚಟಗಳು, ಹೊರಜಗತ್ತಿನ ಸಂಪರ್ಕದ ಕೊರತೆ, ಭೇಟಿಯ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. ಶತಮಾನದ ಹಳೆಯ ಕಾಯ್ದೆಯನ್ನು ಬದಲಿಸುವ, ಮಾದರಿ ಕೈಪಿಡಿ ರೂಪಿಸುವ ಕಡೆಗೆ ಸರ್ಕಾರದ ಗಮನ ಸೆಳೆಯಿತು. 2003ರ ಮಾದರಿ ಬಂದೀಖಾನೆ ಕೈಪಿಡಿಯ ಹಿಂದೆ ಈ ತೀರ್ಪಿನ ಒತ್ತಾಸೆ ಇದೆ. ಬೆಂಗಳೂರಿನ ಜೈಲಿನಲ್ಲಿ ಕೂತು ಅದನ್ನು ಶುರು ಮಾಡಿದವನ ಹೆಸರು ಕಾನೂನು ವಿದ್ಯಾರ್ಥಿಗಳನ್ನು ಬಿಟ್ಟರೆ ಇಲ್ಲಿ ಎಷ್ಟು ಜನರಿಗೆ ಗೊತ್ತು?

ಈಚಿನ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದ್ದು. ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ಬರೆದ ತನಿಖಾ ವರದಿಯ ಆರಂಭದಲ್ಲಿ ರಾಜಸ್ಥಾನದ ಜೈಲೊಂದರಲ್ಲಿದ್ದ ಯುವಕನೊಬ್ಬನ ಹೇಳಿಕೆಯಿದೆ. ಒಳಗೆ ಕಾಲಿಟ್ಟಾಗ ಜಾತಿ ಕೇಳಿದರು, ಆಮೇಲೆ ಶೌಚದ ಗುಂಡಿ ಶುಚಿ ಮಾಡುವ ಕೆಲಸಕ್ಕೆ ಹಚ್ಚಿದರು. ಹಲವು ರಾಜ್ಯಗಳ ಕೈಪಿಡಿಗಳಲ್ಲೇ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಅಚ್ಚಾಗಿ ಕೂತಿದ್ದವು. ಅವುಗಳನ್ನು ಎಷ್ಟೋ ಅಧಿಕಾರಿಗಳು ತಲೆಮಾರುಗಳಿಂದ ಓದಿದ್ದರು. ಶಾಂತಾ ಸಲ್ಲಿಸಿದ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ರದ್ದು ಮಾಡಿತು, ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಲು ಹೇಳಿತು, ಕೈದಿಗಳ ದಾಖಲೆ ಪುಸ್ತಕದಿಂದ ಜಾತಿಯ ಕಾಲಂ ತೆಗೆಯಲು ಆದೇಶಿಸಿತು. ಗುಂಡಿಗೆ ಇಳಿದವನು ಬಾಯಿ ಬಿಡುವವರೆಗೆ, ಅದನ್ನು ಒಬ್ಬರು ಕಿವಿಗೊಟ್ಟು ಕೇಳುವವರೆಗೆ, ಸ್ವತಂತ್ರ ಭಾರತದಲ್ಲಿ ಏಳು ದಶಕ ಕಳೆದಿದ್ದವು.

*

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು, ಅಪರಾಧ ಸಾಬೀತಾಗದ ವಿಚಾರಣಾಧೀನರು. 100 ಜನರ ಜಾಗದಲ್ಲಿ ಸರಾಸರಿ 131 ಜನ. ಜಾಮೀನು ಮಂಜೂರಾದ ಮೇಲೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರೂ ಇದರಲ್ಲಿ ಸೇರಿದ್ದಾರೆ. 2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ನ್ಯಾಯಾಧೀಶರ ಎದುರೇ ಬಡ ಕೈದಿಗಳ ಪರವಾಗಿ ಮನಮುಟ್ಟುವಂತೆ ಮಾತಾಡಿದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದವರ ಮಾಹಿತಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸೂಚಿಸಿತು. ಶ್ಯೂರಿಟಿಗೆ, ದಂಡಕ್ಕೆ ದುಡ್ಡಿಲ್ಲದವರ ನೆರವಿಗೆ ಕೇಂದ್ರದ ಯೋಜನೆಯೂ ಬಂತು.

ಆದೇಶ ಹೊರಟಿದೆ, ಹಣವೂ ಇದೆ. ಅದು ಬ್ಯಾರಕ್ಕಿನ ಮೂಲೆಯಲ್ಲಿ ಕೂತವನನ್ನು ತಲುಪುತ್ತದೋ ಇಲ್ಲವೋ ಎಂಬುದನ್ನು ಅಲ್ಲಿ ಕೂತಿದ್ದವರೇ ಹೇಳಬೇಕು. ವಕೀಲರ ಹೆಸರು ಗೊತ್ತಿಲ್ಲದವನು ಯಾರು, ಮುಂದಿನ ದಿನಾಂಕ ಯಾವುದೆಂದು ತಿಳಿಯದವನು ಯಾರು, ಮನೆಯವರು ಮುಲಾಖಾತಿಗೆ ಬರುವುದನ್ನು ನಿಲ್ಲಿಸಿ ಎಷ್ಟು ಕಾಲವಾಯಿತು ಎಂಬುದೆಲ್ಲ ಕಡತದಲ್ಲಿ ಇರುವುದಿಲ್ಲ, ಪಕ್ಕದ ಚಾಪೆಯವನಿಗೆ ಗೊತ್ತಿರುತ್ತದೆ.

ಇದಕ್ಕೆ ಬೇಕಾದ ಏರ್ಪಾಟನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕರ ಯೋಜನೆಯಲ್ಲಿ ದೀರ್ಘಾವಧಿ ಶಿಕ್ಷೆಯಲ್ಲಿರುವ, ಓದು ಬಲ್ಲ, ಸನ್ನಡತೆಯ ಕೈದಿಗಳಿಗೂ ಅವಕಾಶವಿದೆ. ಅವರು ಜೊತೆಯವರ ಅರ್ಜಿ ಬರೆಯುತ್ತಾರೆ, ಮೇಲ್ಮನವಿಯ ಕಾಗದ ಪತ್ರ ಹೊಂದಿಸುತ್ತಾರೆ, ವಕೀಲರಿಗೂ ಕೈದಿಗೂ ನಡುವೆ ಸೇತುವೆಯಾಗುತ್ತಾರೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರು ಹೊರಬಂದ ಮೇಲೆ ಆ ಪರಿಣತಿಯನ್ನು ಕೇಳುವವರಿಲ್ಲ; ಹೊಟ್ಟೆಪಾಡಿಗೆ ಸಿಕ್ಕ ಕೂಲಿ ಹಿಡಿಯುತ್ತಾರೆ. ಪ್ರತಿ ಜಿಲ್ಲೆಯ ಪ್ರಾಧಿಕಾರ ಇಂಥವರಲ್ಲಿ ಕೆಲವರನ್ನಾದರೂ ಗೌರವಧನ ಕೊಟ್ಟು ಮುಂದುವರಿಸಿಕೊಂಡರೆ, ಏಳು ದಿನದ ಆದೇಶ ಜಾರಿಯಾಗಿದೆಯೇ ಎಂದು ನೋಡುವ ಕಣ್ಣುಗಳು ತಾನಾಗಿ ಸಿಗುತ್ತವೆ.

ಜೈಲುಗಳಿಗೆ ಸಂದರ್ಶಕ ಮಂಡಳಿ ಇರಬೇಕೆಂದು ಮಾದರಿ ಕೈಪಿಡಿ ಹೇಳುತ್ತದೆ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಗಳಂಥ ಅಧಿಕಾರಿಗಳ ಜೊತೆ ಅಧಿಕಾರೇತರ ಸದಸ್ಯರಿಗೂ ಅದರಲ್ಲಿ ಜಾಗವಿದೆ. ಆ ಜಾಗಗಳಲ್ಲಿ ಒಂದನ್ನು ಶಿಕ್ಷೆ ಮುಗಿಸಿ ಬಂದ ಗಂಡಸಿಗೆ, ಒಂದನ್ನು ಹೆಣ್ಣು ಬ್ಯಾರಕ್ ಕಂಡ ಮಹಿಳೆಗೆ ಮೀಸಲಿಡಲು ಕರ್ನಾಟಕ ಸರ್ಕಾರಕ್ಕೆ ಯಾವ ಅಡ್ಡಿಯೂ ಕಾಣುವುದಿಲ್ಲ. ಅವರಿಗೆ ಬಸ್ ಚಾರ್ಜು, ದಿನಭತ್ಯೆ ಕೊಡಬೇಕು. ಉಳಿದ ಸದಸ್ಯರಂತೆಯೇ ವರದಿಗೆ ಸಹಿ ಹಾಕುವ, ಭಿನ್ನಮತವಿದ್ದರೆ ಬರೆಯುವ ಅಧಿಕಾರ ಕೊಡಬೇಕು. ಕೈದಿಗಳ ನಡುವೆ ದುಡಿಯುವ ಸೇವಾಸಂಸ್ಥೆಗಳು ತಮ್ಮ ಆಡಳಿತ ಮಂಡಳಿಯಲ್ಲಿ ಇದನ್ನೇ ಮಾಡಲು ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ, ಮುಂದಿನ ವಾರ್ಷಿಕ ಸಭೆಯಲ್ಲೇ ನಿರ್ಣಯ ಮಂಡಿಸಬಹುದು.